ಗೈಡ್‌ಬುಕ್ ಇದ್ದರೂ ಸರಿ, ಇಲ್ಲದಿದ್ದರೂ ಸರಿ: ಸ್ವಂತವಾಗಿ ಊರೂರು ತಿರುಗುವುದು ಹೇಗೆ

ರಾತ್ರಿ ಹತ್ತೂವರೆ. ಬೆನ್ನ ಮೇಲೆ ಬ್ಯಾಗು, ಕೈಯಲ್ಲಿ ಗೈಡ್‌ಬುಕ್, ಬೆರಳು ಪುಟದ ನಡುವೆ. ಬಸ್ ಸ್ಟ್ಯಾಂಡಿನಿಂದ ಎಡಕ್ಕೆ ಹೋಗಿ ಎರಡನೇ ತಿರುವಿನಲ್ಲಿ ಪ್ರವಾಸಿಗರು ಉಳಿಯುವ ಹಾಸ್ಟೆಲ್ ಅಂತ ಬರೆದಿತ್ತು. ಎಡಕ್ಕೆ ಹೋದೆ, ಎರಡನೇ ತಿರುವೂ ಸಿಕ್ಕಿತು. ಅಲ್ಲಿದ್ದದ್ದು ಬಾಗಿಲು ಹಾಕಿದ ಟೈರ್ ಅಂಗಡಿ. ಎದುರು ಮನೆಯ ಅಜ್ಜ ಕಿಟಕಿಯಿಂದ ಇಣುಕಿ ಸುಮ್ನೆ ಕೈ ಅಲ್ಲಾಡಿಸಿದರು. ಅವರ ಭಾಷೆ ನನಗೆ ಬರುತ್ತಿರಲಿಲ್ಲ, ಆದರೂ ಹಾಸ್ಟೆಲ್ ಮುಚ್ಚಿ ಎಷ್ಟೋ ಕಾಲವಾಗಿದೆ ಅನ್ನುವುದು ಗೊತ್ತಾಯಿತು. ಆಮೇಲೆ ದೀಪದ ಕಂಬದ ಕೆಳಗೆ ನಿಂತು ಪುಸ್ತಕದ ಮೊದಲ ಪುಟ ತೆಗೆದು ನೋಡಿದರೆ, ಅಚ್ಚಾಗಿ ಐದು ವರ್ಷ ಆಗಿತ್ತು.

ಪುಸ್ತಕದ್ದು ತಪ್ಪಲ್ಲ. ಹಳೇ ಪುಸ್ತಕಕ್ಕೆ ಇವತ್ತಿನ ಪ್ರಶ್ನೆ ಕೇಳಿದ್ದು ನಾನು. ಆವತ್ತಿನಿಂದ ನಾನು ಪಾಲಿಸುವ ಲೆಕ್ಕ ಇಷ್ಟೇ: ಬೇಗ ಹಳಸದ ಮಾತನ್ನು ಪುಸ್ತಕಕ್ಕೆ ಕೇಳಬೇಕು, ದಿನದಿನಕ್ಕೆ ಬದಲಾಗುವುದನ್ನು ಅಲ್ಲೇ ಇರುವ ಜನಕ್ಕೆ ಕೇಳಬೇಕು. ಟೂರ್ ಕಂಪನಿ ಇಲ್ಲದೆ ನಿಮ್ಮಷ್ಟಕ್ಕೆ ನೀವೇ ಹೊರಡುವವರಾದರೆ ಕೆಳಗಿನದ್ದನ್ನು ಅನುಕ್ರಮವಾಗಿ ಮಾಡುತ್ತಾ ಹೋಗಿ.

1. ಮೊದಲು ಪುಸ್ತಕದ ವಯಸ್ಸು ನೋಡಿ

ಮುಖಪುಟದ ಬಣ್ಣಬಣ್ಣದ ಫೋಟೋ ಬಿಡಿ, ಒಳಗಿನ ಕಾಪಿರೈಟ್ ಪುಟ ತೆಗೆಯಿರಿ. ಅಲ್ಲಿರುವುದು ಅಚ್ಚಾದ ವರ್ಷ. ಲೇಖಕರು ಆ ಊರಿಗೆ ಹೋಗಿ ಬಂದದ್ದು ಅದಕ್ಕೂ ಹಿಂದೆ. ಅಂದರೆ ಅಂಗಡಿಗೆ ಬಂದ ದಿನವೇ ಪುಸ್ತಕ ಸ್ವಲ್ಪ ಹಳೆಯದು. ಇದೇನೂ ಹೊಸ ತಲೆನೋವಲ್ಲ. ಜರ್ಮನಿಯ ಕೊಬ್ಲೆಂಜ್‌ನಲ್ಲಿ ಕಾರ್ಲ್ ಬೇಡೆಕರ್ ಗೈಡ್‌ಬುಕ್ಕುಗಳಿಗೆ ಹೆಸರಾದ ತನ್ನ ಪ್ರಕಾಶನ ಶುರು ಮಾಡಿದ್ದು 1827ರಲ್ಲಿ, ಲಂಡನ್ನಿನ ಜಾನ್ ಮರ್ರೆ ಯುರೋಪ್ ಪ್ರವಾಸಿಗರಿಗಾಗಿ ಕೈಪಿಡಿ ಹೊರತಂದದ್ದು 1836ರಲ್ಲಿ. ಇಬ್ಬರೂ ಮತ್ತೆ ಮತ್ತೆ ಪರಿಷ್ಕರಿಸಿ ಅಚ್ಚು ಹಾಕಿಸುತ್ತಲೇ ಇರಬೇಕಾಯಿತು, ಯಾಕೆಂದರೆ ಊರುಗಳು ಪುಸ್ತಕಕ್ಕಾಗಿ ಕಾಯುತ್ತಾ ನಿಲ್ಲುವುದಿಲ್ಲ.

ಹಾಗಂತ ಹಳೇ ಪುಸ್ತಕ ದಂಡ ಅಲ್ಲ. ಊರಿನ ಆಕಾರ, ನದಿ ಯಾವ ಕಡೆ, ಹಳೇ ಪೇಟೆ ಯಾವ ಕಡೆ, ಮಳೆ ಯಾವ ತಿಂಗಳು, ಒಂದು ಕೋಟೆ ಯಾಕೆ ಕಟ್ಟಿದರು, ಒಂದು ಗುಡಿಯ ಗೋಡೆಯ ಮೇಲೆ ಏನು ಕೆತ್ತಿದ್ದಾರೆ, ಇವೆಲ್ಲ ಹತ್ತು ವರ್ಷದ ಹಿಂದಿನ ಪುಸ್ತಕದಲ್ಲೂ ಸರಿಯಾಗಿಯೇ ಇರುತ್ತವೆ. ಇಂಥದ್ದಕ್ಕೆ ಲೈಬ್ರರಿಯ ಹಳೇ ಪ್ರತಿ ಸಾಕು, ದುಡ್ಡು ಕೊಟ್ಟು ಹೊಸದು ಕೊಳ್ಳಬೇಕಿಲ್ಲ. ವಾರದ ರಜೆ ಕೂಡ ನಿಧಾನಕ್ಕೆ ಬದಲಾಗುವ ಸಂಗತಿ. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ, ಅದೇ ಊರಿನ ಓರ್ಸೆ ಮ್ಯೂಸಿಯಂಗೆ ಸೋಮವಾರ. ವ್ಯಾಟಿಕನ್ ಮ್ಯೂಸಿಯಂ ಭಾನುವಾರ ಮುಚ್ಚಿರುತ್ತದೆ, ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆಯುತ್ತದೆ. ಎರಡೇ ದಿನಕ್ಕೆ ಹೋಗುವವರು ಇದನ್ನು ಮೊದಲೇ ನೋಡದಿದ್ದರೆ ಬಾಗಿಲ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಬರಬೇಕಾಗುತ್ತದೆ, ಅಷ್ಟೇ.

ಹಳಸುವುದು ಯಾವುದು? ಬಸ್ಸಿನ ಸಮಯ, ಟಿಕೆಟ್ ದರ, ಉಳಿಯುವ ಜಾಗ, ಫೋನ್ ನಂಬರ್, ಗಡಿ ದಾಟುವ ನಿಯಮ. ಇವನ್ನು ಪುಸ್ತಕದಿಂದ ತೆಗೆದುಕೊಳ್ಳಲೇಬೇಡಿ. ಪುಸ್ತಕ "ಅಲ್ಲಿಗೆ ಬಸ್ ಇದೆ" ಅಂದರೆ ನಂಬಿ, "ಬೆಳಿಗ್ಗೆ 8.20ಕ್ಕೆ ಇದೆ" ಅಂದರೆ ನಂಬಬೇಡಿ.

ಇನ್ನೊಂದು ಮಾತು, ಕೆಲವರಿಗೆ ಕೋಪ ಬರಬಹುದು. ನಾನು ದಪ್ಪ ಗೈಡ್‌ಬುಕ್ಕನ್ನು ಬ್ಲೇಡಿನಿಂದ ಕೊಯ್ದು, ಹೋಗುವ ಪ್ರದೇಶದ ಅಧ್ಯಾಯ ಮಾತ್ರ ಸ್ಟೇಪಲ್ ಹೊಡೆದು ಒಯ್ಯುತ್ತೇನೆ. ಅರ್ಧ ಕೆಜಿ ಭಾರ ಕಡಿಮೆ. ಪುಸ್ತಕಕ್ಕೆ ಕತ್ತರಿ ಹಾಕಲು ಮನಸ್ಸು ಬರದವರು ಪುಟಗಳ ಫೋಟೋ ತೆಗೆದುಕೊಳ್ಳಿ, ಮುಖ್ಯವಾಗಿ ನಕ್ಷೆ ಇರುವ ಪುಟಗಳನ್ನು.

2. ಪುಸ್ತಕ ಬೇಡ ಅನ್ನುವವರು ಏನೇನು ಇಟ್ಟುಕೊಳ್ಳಬೇಕು

ಫೋನ್ ಇದೆಯಲ್ಲ, ಸಾಕು ಅನ್ನುವವರೇ ಜಾಸ್ತಿ. ಫೋನ್ ಸಾಕು, ಆದರೆ ಇಂಟರ್ನೆಟ್ ಇಲ್ಲದಾಗಲೂ ಅದು ಕೆಲಸ ಮಾಡಬೇಕು. ಮನೆಯಿಂದ ಹೊರಡುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ: ಏರೋಪ್ಲೇನ್ ಮೋಡ್ ಹಾಕಿ, ಹೋಗುವ ಊರಿನ ನಕ್ಷೆ ತೆರೆದು, ಬಸ್ ಸ್ಟ್ಯಾಂಡಿನಿಂದ ಉಳಿಯುವ ಜಾಗಕ್ಕೆ ನಡೆಯುವ ದಾರಿ ಹುಡುಕಿ. ಸಿಕ್ಕಿತಾ? ಇಲ್ಲ ಅಂದರೆ ನಿಮ್ಮ ತಯಾರಿ ಮುಗಿದಿಲ್ಲ.

ಗೂಗಲ್ ಮ್ಯಾಪ್ಸ್‌ನಲ್ಲಿ ನಕ್ಷೆ ಇಳಿಸಿಕೊಳ್ಳಬಹುದು, ಆದರೆ ಆಫ್‌ಲೈನ್‌ನಲ್ಲಿ ಅದು ಕಾರಿನ ದಾರಿ ತೋರಿಸುತ್ತದೆ, ನಡಿಗೆ ಮತ್ತು ಬಸ್ಸಿನದ್ದಲ್ಲ. ನಡೆಯುವವರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆಂಡ್ ಒಳ್ಳೆಯದು. ಎರಡೂ 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿ ಬಳಸುತ್ತವೆ. ಅದನ್ನು ಬರೆಯುವವರು ನಮ್ಮ ನಿಮ್ಮಂಥ ಸ್ವಯಂಸೇವಕರು, ಹಾಗಾಗಿ ಬೆಟ್ಟದ ಕಾಲುದಾರಿ, ಕುಡಿಯುವ ನೀರಿನ ನಲ್ಲಿ ಕೂಡ ಎಷ್ಟೋ ಕಡೆ ಸಿಗುತ್ತವೆ. ಚೀನಾಕ್ಕೆ ಹೋಗುವವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಅಲ್ಲಿ ಗೂಗಲ್ ಸೇವೆಗಳಿಗೆ ತಡೆ ಇದೆ, ಮನೆಯಲ್ಲಿ ಓಡಿದ ಆ್ಯಪ್ ಅಲ್ಲಿ ಓಡುತ್ತದೆ ಅನ್ನುವ ಭರವಸೆ ಇಲ್ಲ.

ಓದುವುದಕ್ಕೆ ವಿಕಿವಾಯೇಜ್ ಇದೆ. 2013ರಿಂದ ವಿಕಿಪೀಡಿಯ ನಡೆಸುವ ಸಂಸ್ಥೆಯ ಅಡಿಯಲ್ಲೇ ಇದೆ, ಪುಕ್ಕಟೆ. ಊರಿನ ಪುಟ ತೆರೆದರೆ ತಲುಪುವುದು ಹೇಗೆ, ಓಡಾಡುವುದು ಹೇಗೆ, ಎಚ್ಚರಿಕೆ ಏನು ಅಂತ ಗೈಡ್‌ಬುಕ್ಕಿನ ಹಾಗೇ ಇರುತ್ತದೆ. ಪುಟವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ರಿವ್ಯೂ ಓದುವಾಗ ಐದು ಸ್ಟಾರಿನದ್ದೂ ಬೇಡ, ಒಂದು ಸ್ಟಾರಿನದ್ದೂ ಬೇಡ. ಹೊಸದರಿಂದ ಹಳೆಯದಕ್ಕೆ ಜೋಡಿಸಿ, ಮೂರು ಸ್ಟಾರ್ ಕೊಟ್ಟವರದ್ದು ಓದಿ. "ಜಾಗ ಚೆನ್ನಾಗಿದೆ, ಆದರೆ ಹಿಂದಿನ ರೂಮುಗಳಿಗೆ ರಾತ್ರಿಯಿಡೀ ಜನರೇಟರ್ ಸದ್ದು" ಅನ್ನುವ ಉಪಯೋಗದ ಮಾತು ಬರೆಯುವವರು ಅವರೇ.

3. ಕಾಗದಪತ್ರ: ಇಲ್ಲಿ ಮಾತ್ರ ಸಡಿಲ ಬಿಡಬೇಡಿ

ಬೇರೆ ದೇಶಕ್ಕೆ ಹೋಗುವವರು ಪಾಸ್‌ಪೋರ್ಟಿನ ಕೊನೆಯ ದಿನಾಂಕ ನೋಡಿದರೆ ಸಾಲದು. ಎಷ್ಟೋ ದೇಶಗಳು ನೀವು ಬಂದ ದಿನದಿಂದ ಇನ್ನೂ ಆರು ತಿಂಗಳು ಅದು ನಡೆಯಬೇಕು ಅನ್ನುತ್ತವೆ. ಯುರೋಪಿನ ಷೆಂಗೆನ್ ದೇಶಗಳ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ನಿಯಮ ಬೇರೆ: ನೀವು ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ ಮೂರು ತಿಂಗಳು ಬಾಕಿ ಇರಬೇಕು, ಪಾಸ್‌ಪೋರ್ಟ್ ಕೊಟ್ಟು ಹತ್ತು ವರ್ಷ ದಾಟಿರಬಾರದು. ಪ್ರವಾಸಿಗರು ಅಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಇರಬಹುದು. ವೀಸಾದಲ್ಲಿ ಅದಕ್ಕಿಂತ ಕಡಿಮೆ ದಿನ ಬರೆದಿದ್ದರೆ ಅಷ್ಟೇ. ಇಲ್ಲಿ ಜನ ಎಡವುವುದು "ಯಾವುದೇ 180" ಅನ್ನುವ ಮಾತಿನಲ್ಲಿ. ಜನವರಿಯಿಂದ ಜೂನ್, ಜುಲೈಯಿಂದ ಡಿಸೆಂಬರ್ ಅಂತಲ್ಲ. ಅಲ್ಲಿರುವ ಪ್ರತಿ ದಿನವೂ ಹಿಂದಿನ 180 ದಿನ ಎಣಿಸಿ ನೋಡುತ್ತಾರೆ.

ವಿಮಾನದ ಚೆಕ್‌ಇನ್ ಕೌಂಟರಿನಲ್ಲಿ ಕೂತವರು ನಿಮ್ಮ ಮುಖ ನೋಡಿ ತೀರ್ಮಾನ ಮಾಡುವುದಿಲ್ಲ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ, ಅಂದರೆ ಐಎಟಿಎ ನಡೆಸುವ ಟಿಮ್ಯಾಟಿಕ್ ಅನ್ನುವ ಮಾಹಿತಿಕೋಶ ಇದೆ, ಸಾಮಾನ್ಯವಾಗಿ ಅದನ್ನು ನೋಡುತ್ತಾರೆ. ವಾಪಸ್ ಅಥವಾ ಮುಂದಿನ ದೇಶದ ಟಿಕೆಟ್ ಬೇಕು ಅಂತ ಅಲ್ಲಿ ಇದ್ದರೆ ಕೇಳಿಯೇ ಕೇಳುತ್ತಾರೆ. "ಅಲ್ಲಿ ಹೋದಮೇಲೆ ನೋಡೋಣ" ಅಂತ ಒಂದು ಕಡೆಯ ಟಿಕೆಟ್ ಹಿಡಿದು ಹೋಗುವವರು ಇದಕ್ಕೆ ಉತ್ತರ ಇಟ್ಟುಕೊಂಡಿರಬೇಕು. ನಡುವೆ ವಿಮಾನ ಬದಲಿಸುವ ದೇಶಕ್ಕೂ ಟ್ರಾನ್ಸಿಟ್ ವೀಸಾ ಬೇಕಾ ಅಂತ ನೋಡಿ.

ಆನ್‌ಲೈನ್ ವೀಸಾಕ್ಕೆ ಆ ದೇಶದ ಸರ್ಕಾರದ ಸೈಟಿನಲ್ಲೇ ಅರ್ಜಿ ಹಾಕಿ. ಹುಡುಕಿದಾಗ ಮೊದಲು ಬರುವುದು ಎಷ್ಟೋ ಸಲ ಜಾಹೀರಾತು. ಸರ್ಕಾರದ್ದೇ ಅನ್ನುವ ಹಾಗೆ ಬಾವುಟ, ಲಾಂಛನ ಹಾಕಿಕೊಂಡು ಜಾಸ್ತಿ ದುಡ್ಡು ಕೀಳುವ ಮಧ್ಯವರ್ತಿಗಳು ಅಲ್ಲಿರುತ್ತಾರೆ.

4. ಕಿಲೋಮೀಟರ್ ಬೇಡ, ಗಂಟೆ ಎಣಿಸಿ

ನಕ್ಷೆಯ ಮೇಲೆ ಎರಡು ಊರಿನ ನಡುವೆ ಎರಡು ಬೆರಳಿನ ಅಂತರ. ಬೆಟ್ಟದ ರಸ್ತೆಯಾದರೆ ಅದೇ ಒಂದು ಇಡೀ ದಿನ. ಹಾಗಾಗಿ ಪಟ್ಟಿ ಬರೆಯುವಾಗ ಊರಿನ ಹೆಸರಿನ ಪಕ್ಕ ಬಾಗಿಲಿನಿಂದ ಬಾಗಿಲಿಗೆ ಎಷ್ಟು ಗಂಟೆ ಅಂತ ಬರೆಯಿರಿ: ರೂಮು ಖಾಲಿ ಮಾಡಿ, ಸ್ಟ್ಯಾಂಡಿಗೆ ಹೋಗಿ, ಕಾಯ್ದು, ಪ್ರಯಾಣ ಮಾಡಿ, ಇಳಿದು, ಹೊಸ ರೂಮಿನಲ್ಲಿ ಬ್ಯಾಗು ಇಡುವ ತನಕ. ನಾಲ್ಕು ಗಂಟೆಯ ರೈಲು ಹೀಗೆ ಎಣಿಸಿದರೆ ಏಳು ಗಂಟೆ ಆಗುತ್ತದೆ.

ಮೂರು ರಾತ್ರಿ ಅಂದರೆ ಎರಡು ಪೂರ್ತಿ ದಿನ, ಎರಡು ರಾತ್ರಿ ಅಂದರೆ ಒಂದೇ ದಿನ. ಈ ಲೆಕ್ಕ ಹಾಕಿದ ತಕ್ಷಣ ಹತ್ತು ದಿನದಲ್ಲಿ ಏಳು ಊರು ಅನ್ನುವ ಯೋಜನೆ ತಾನಾಗಿಯೇ ಮೂರು ಊರಿಗೆ ಇಳಿಯುತ್ತದೆ. ಇಳಿಯಲಿ ಬಿಡಿ. ಸಾಧ್ಯವಾದರೆ ಒಂದು ಊರಲ್ಲಿ ಇಳಿದು ಇನ್ನೊಂದು ಊರಿನಿಂದ ವಾಪಸಾಗುವ ಟಿಕೆಟ್ ಮಾಡಿ, ಹೋದ ದಾರಿಯಲ್ಲೇ ಹಿಂದೆ ಬರುವ ಒಂದು ದಿನ ಉಳಿಯುತ್ತದೆ.

5. ಎರಡು ತುದಿ ಬಿಗಿ, ನಡುವೆ ಸಡಿಲ

ಮೊದಲ ರಾತ್ರಿ ಮಲಗುವ ಜಾಗ ಬುಕ್ ಆಗಿರಬೇಕು. ಕೊನೆಯ ರಾತ್ರಿ ವಿಮಾನ ಅಥವಾ ರೈಲು ಹೊರಡುವ ಊರಲ್ಲೇ ಇರಬೇಕು. ಈ ಎರಡನ್ನು ಮಾತ್ರ ಗಟ್ಟಿ ಮಾಡಿ, ನಡುವಿನದ್ದನ್ನು ಅಲ್ಲಿ ಹೋಗಿ ನೋಡಿಕೊಂಡು ತೀರ್ಮಾನಿಸಿ. ಮನಸ್ಸಿಗೆ ಹಿಡಿಸಿದ ಊರಲ್ಲಿ ಇನ್ನೊಂದು ದಿನ ಉಳಿಯುವುದು, ಹಿಡಿಸದ ಊರಿಂದ ಬೆಳಿಗ್ಗೆಯೇ ಜಾಗ ಖಾಲಿ ಮಾಡುವುದು, ಸ್ವಂತವಾಗಿ ತಿರುಗುವುದರ ಸುಖ ಇದೇ ಅಲ್ವಾ? ಎಲ್ಲಾ ರಾತ್ರಿಗೂ ಮುಂಗಡ ಕೊಟ್ಟರೆ ಅದು ನೀವೇ ನಡೆಸುವ ಪ್ಯಾಕೇಜ್ ಟೂರ್.

ಕೆಲವು ಕಡೆ ಮಾತ್ರ ಈ ಸಡಿಲ ನಡೆಯುವುದಿಲ್ಲ. ಪೆರುವಿನ ಬೆಟ್ಟದ ಮೇಲಿರುವ ಇಂಕಾ ಕಾಲದ ಪಾಳು ಊರು ಮಚು ಪಿಚುಗೆ ಇಂಥ ದಿನ ಇಂಥ ಸಮಯ ಅಂತ ಟಿಕೆಟ್ ಬೇಕು. ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರ್ಯಾಂಕ್ ಮನೆಗೆ (ಎರಡನೇ ಮಹಾಯುದ್ಧದಲ್ಲಿ ಅಡಗಿ ಕೂತು ಡೈರಿ ಬರೆದ ಯಹೂದಿ ಹುಡುಗಿ ಇದ್ದ ಜಾಗ) ಆನ್‌ಲೈನ್ ಟಿಕೆಟ್ ಮಾತ್ರ, ಬಾಗಿಲಲ್ಲಿ ಕ್ಯೂ ನಿಂತರೆ ಪ್ರಯೋಜನ ಇಲ್ಲ. ಹಾಗೇ ಇಡೀ ದೇಶವೇ ಒಟ್ಟಿಗೆ ಊರಿಗೆ ಹೊರಡುವ ಕಾಲ ಇರುತ್ತದೆ: ಚೀನಾದಲ್ಲಿ ಚಾಂದ್ರ ಹೊಸ ವರ್ಷ, ಜಪಾನಿನಲ್ಲಿ ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಸಾಲು ರಜೆ. ಆಗ ರೈಲಿನ ಸೀಟೂ ಇಲ್ಲ, ರೂಮೂ ಇಲ್ಲ. ಒಂದೋ ಮೊದಲೇ ಬುಕ್ ಮಾಡಿ, ಇಲ್ಲ ಆ ವಾರ ತಪ್ಪಿಸಿ.

6. ಒಂದೇ ಒಂದು ಹಾಳೆ

ಹೊರಡುವ ಹಿಂದಿನ ರಾತ್ರಿ ನಾನು ಒಂದು ಹಾಳೆ ಬರೆಯುತ್ತೇನೆ. ಕೈಬರಹದಲ್ಲೇ, ಯಾಕೆಂದರೆ ಬರೆಯುವಾಗ ಅರ್ಧ ನೆನಪಿನಲ್ಲಿ ಉಳಿಯುತ್ತದೆ. ಮೇಲುಗಡೆ ದೊಡ್ಡದಾಗಿ ಮೊದಲ ರಾತ್ರಿಯ ವಿಳಾಸ, ಎರಡು ಲಿಪಿಯಲ್ಲಿ: ನನಗೆ ಓದಲು ಬರುವಂತೆ ಒಂದು, ಅಲ್ಲಿನ ಡ್ರೈವರ್‌ಗೆ ಓದಲು ಬರುವಂತೆ ಆ ಊರಿನ ಲಿಪಿಯಲ್ಲಿ ಇನ್ನೊಂದು. ಅಲ್ಲಿನ ಲಿಪಿ ಬರೆಯಲು ಬಾರದಿದ್ದರೆ ಪ್ರಿಂಟ್ ತೆಗೆದು ಅಂಟಿಸಿ. ಅದರ ಕೆಳಗೆ ಹತ್ತಿರದ ಗುರುತು: "ನೀಲಿ ಸೇತುವೆ ದಾಟಿದ ಮೇಲೆ ಅಂಚೆ ಕಚೇರಿ, ಅದರ ಹಿಂದಿನ ಬೀದಿ." ಗುರುತು ಬೇಕೇ ಬೇಕು. ಜಪಾನಿನಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ, ವಿಳಾಸ ಇರುವುದು ಬಡಾವಣೆ, ಬ್ಲಾಕು, ಕಟ್ಟಡದ ನಂಬರಿನಲ್ಲಿ, ಬೀದಿ ಹುಡುಕಿಕೊಂಡು ಹೊರಟರೆ ಸುತ್ತುತ್ತಲೇ ಇರಬೇಕು.

ಆಮೇಲೆ ಐದಾರು ಸಾಲು: ಮನೆಯವರ ಎರಡು ನಂಬರ್, ಕಾರ್ಡ್ ಬ್ಲಾಕ್ ಮಾಡುವ ನಂಬರ್, ಇನ್ಶೂರೆನ್ಸ್ ಪಾಲಿಸಿ ನಂಬರ್, ಆ ದೇಶದಲ್ಲಿರುವ ನಿಮ್ಮ ರಾಯಭಾರ ಕಚೇರಿಯ ಫೋನು, ರಕ್ತದ ಗುಂಪು. ತುರ್ತು ಕರೆಗೆ 112 ಯುರೋಪಿನಲ್ಲಿ ನಡೆಯುತ್ತದೆ, ಅಲ್ಲದೆ ಬೇರೆ ಎಷ್ಟೋ ದೇಶಗಳಲ್ಲೂ. ಆದರೂ ಹೋಗುವ ದೇಶದ ನಂಬರ್ ಯಾವುದು ಅಂತ ಖಾತ್ರಿ ಮಾಡಿಕೊಂಡೇ ಬರೆಯಿರಿ. ಹಾಳೆಯ ಹಿಂಬದಿ ಖಾಲಿ ಬಿಡಿ, ಅದರ ಕೆಲಸ ಮುಂದೆ ಇದೆ.

ಹಾಳೆ ಜೇಬಿನಲ್ಲಿ. ಎರಡು ಕಾರ್ಡ್ ಇದ್ದರೆ ಎರಡು ಬೇರೆ ಜಾಗದಲ್ಲಿ. ಇಷ್ಟು ಮಾಡಿದರೆ ಪರ್ಸ್ ಹೋದರೂ ರಾತ್ರಿ ನಿದ್ದೆ ಬರುತ್ತದೆ.

7. ಇಳಿದ ಮೊದಲ ಒಂದು ಗಂಟೆ

ಮೋಸ ಹೋಗುವುದು ಹೆಚ್ಚಾಗಿ ಈ ಗಂಟೆಯಲ್ಲೇ. ನಿದ್ದೆ ಇಲ್ಲ, ಹೊಟ್ಟೆ ಹಸಿದಿದೆ, ಬಾಗಿಲಲ್ಲಿ ಹತ್ತು ಜನ ಕೂಗುತ್ತಾ ಮುತ್ತಿಕೊಳ್ಳುತ್ತಾರೆ. ಹಾಗಾಗಿ ಬಾಗಿಲು ದಾಟಲೇಬೇಡಿ. ಒಳಗೇ ಒಂದು ಕುರ್ಚಿ ಹಿಡಿದು ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ, ನೀರು ಕುಡಿಯಿರಿ, ಟಾಯ್ಲೆಟ್ಟಿಗೆ ಹೋಗಿ ಬನ್ನಿ, ಫೋನಿನ ಗಡಿಯಾರ ಅಲ್ಲಿನ ಸಮಯಕ್ಕೆ ಬಂದಿದೆಯಾ ನೋಡಿ.

ನಂತರ ಎಟಿಎಂ. ಬೇರೆ ದೇಶದ ಕಾರ್ಡ್ ಹಾಕಿದಾಗ ಯಂತ್ರ ತುಂಬಾ ಮರ್ಯಾದೆಯಿಂದ "ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಲೇ?" ಅಂತ ಕೇಳುತ್ತದೆ. ಬೇಡ ಅನ್ನಿ. ಹೌದು ಅಂದರೆ ವಿನಿಮಯದ ದರ ಆ ಯಂತ್ರದವರು ಇಟ್ಟದ್ದು, ಸಾಮಾನ್ಯವಾಗಿ ನಿಮಗೆ ನಷ್ಟ. ಅಲ್ಲಿನ ಹಣದಲ್ಲೇ ಅಂತ ಆರಿಸಿದರೆ ಲೆಕ್ಕ ಹಾಕುವುದು ನಿಮ್ಮ ಬ್ಯಾಂಕ್. ಅಂಗಡಿಯ ಕಾರ್ಡ್ ಯಂತ್ರದಲ್ಲೂ ಇದೇ ಪ್ರಶ್ನೆ ಬರುತ್ತದೆ, ಉತ್ತರವೂ ಇದೇ.

ಟ್ಯಾಕ್ಸಿ ಹಿಡಿಯುವುದಾದರೆ ಹತ್ತುವ ಮುಂಚೆ ಮೂರು ಮಾತು ಮುಗಿಸಿ: ಒಟ್ಟು ಎಷ್ಟು, ಅದು ಗಾಡಿಗಾ ತಲೆಗಾ, ಲಗೇಜು ಸೇರಿದೆಯಾ. ಬಾಯಲ್ಲಿ ಹೇಳುವುದಕ್ಕಿಂತ ಫೋನಿನ ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿಸಿ ತೋರಿಸಿಕೊಳ್ಳಿ, ಆಮೇಲೆ ಕೇಳಿಸಲಿಲ್ಲ ಅನ್ನುವ ಹಾಗಿಲ್ಲ.

8. ಕೇಳುವುದು ಹೇಗೆ: ಇದೇ ನಿಜವಾದ ಗೈಡ್‌ಬುಕ್

"ಈ ಬಸ್ಸು ಕೋಟೆಗೆ ಹೋಗುತ್ತಾ?" ಅಂತ ಕೇಳಿದರೆ ಭಾಷೆ ಅರ್ಥವಾಗದವರೂ ನಕ್ಕು ತಲೆಯಾಡಿಸುತ್ತಾರೆ. ಇಲ್ಲ ಅನ್ನುವುದು ಒರಟು ಅಂದುಕೊಳ್ಳುವವರು ಎಲ್ಲಾ ಕಡೆ ಇದ್ದಾರೆ. ನಾನು ಹೀಗೆ ಎರಡು ಗಂಟೆ ತಪ್ಪು ದಿಕ್ಕಿಗೆ ಹೋಗಿದ್ದೇನೆ, ಪಕ್ಕದಲ್ಲಿ ಕೂತವರು ದಾರಿಯುದ್ದಕ್ಕೂ ನಗುತ್ತಲೇ ಇದ್ದರು. ಈಗ ನಾನು ಹೌದು-ಇಲ್ಲ ಅನ್ನುವ ಪ್ರಶ್ನೆಯನ್ನೇ ಕೇಳುವುದಿಲ್ಲ. "ಈ ಬಸ್ಸು ಎಲ್ಲಿಗೆ?" ಅನ್ನುತ್ತೇನೆ. ಅವರ ಬಾಯಿಂದ ಊರಿನ ಹೆಸರು ಬಂದರೆ ಮಾತ್ರ ಹತ್ತುತ್ತೇನೆ.

ಇಬ್ಬರನ್ನು ಕೇಳಿ, ಬೇರೆ ಬೇರೆ ನಿಂತಿರುವ ಇಬ್ಬರನ್ನು. ನಿಮ್ಮಿಂದ ಯಾವ ಲಾಭವೂ ಇಲ್ಲದವರನ್ನು ಕೇಳಿ: ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗುವವರು, ಕೆಲಸಕ್ಕೆ ಹೊರಟವರು, ಸ್ಟ್ಯಾಂಡಿನ ಕಸ ಗುಡಿಸುವವರು. ಕಸ ಗುಡಿಸುವವರಿಗೆ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಅನ್ನುವುದು ವಿಚಾರಣೆ ಕೌಂಟರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮನ್ನು ತಾವಾಗಿಯೇ ಹುಡುಕಿಕೊಂಡು ಬಂದು "ಆ ಹೋಟೆಲ್ ಮುಚ್ಚಿದೆ, ನನ್ನ ಜೊತೆ ಬನ್ನಿ" ಅನ್ನುವವರ ಮಾತು ಲೆಕ್ಕಕ್ಕಿಲ್ಲ. ನನ್ನ ಹಾಸ್ಟೆಲ್ ನಿಜವಾಗಿಯೂ ಮುಚ್ಚಿತ್ತು, ಸರಿ, ಆದರೆ ಅದನ್ನು ಹೇಳಿದ ಅಜ್ಜ ಏನನ್ನೂ ಮಾರುತ್ತಿರಲಿಲ್ಲ.

ಊರಾಚೆ ಎಲ್ಲಿಗಾದರೂ ಹೋದರೆ ಇಳಿದ ತಕ್ಷಣ, ನೋಡಬೇಕಾದ್ದನ್ನು ನೋಡುವ ಮುಂಚೆ, "ವಾಪಸ್ ಹೋಗುವ ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ" ಅಂತ ಡ್ರೈವರನ್ನೇ ಕೇಳಿ. ಉತ್ತರವನ್ನು ಹಾಳೆಯ ಹಿಂಬದಿಯಲ್ಲಿ ಅವರಿಂದಲೇ ಬರೆಸಿಕೊಳ್ಳಿ. ಖಾಲಿ ಬಿಟ್ಟದ್ದು ಇದಕ್ಕೇ. ಬರೆದ ಅಂಕಿಗೂ ಒಂದು ಅಡ್ಡ ಪ್ರಶ್ನೆ ಬೇಕು. ಇಥಿಯೋಪಿಯಾದಲ್ಲಿ ಜನ ಗಂಟೆ ಎಣಿಸುವುದು ಬೆಳಗಾದಾಗಿನಿಂದ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ಬಸ್ಸು ಒಂದಕ್ಕೆ ಅಂತ ಕೇಳಿ ಮಧ್ಯಾಹ್ನ ಹೋದರೆ ಅದು ಹೊರಟು ಆರು ಗಂಟೆ ಆಗಿರುತ್ತದೆ. "ಬೆಳಿಗ್ಗೆಯಾ? ಸೂರ್ಯ ಎಲ್ಲಿರುತ್ತಾನೆ?" ಅಂತ ಕೈಯಲ್ಲಿ ತೋರಿಸಿ ಕೇಳಲು ನಾಚಿಕೆ ಪಡಬೇಡಿ.

ಉಳಿದುಕೊಂಡ ಜಾಗದಲ್ಲಿ ಕೇಳುವಾಗಲೂ ಪ್ರಶ್ನೆ ಸ್ವಲ್ಪ ತಿರುಗಿಸಿ. "ಇಲ್ಲಿ ನೋಡುವಂಥದ್ದು ಏನಿದೆ?" ಅಂದರೆ ಪುಸ್ತಕದ ಪಟ್ಟಿಯನ್ನೇ ಒಪ್ಪಿಸುತ್ತಾರೆ. "ನಿಮಗೆ ರಜೆ ಇದ್ದ ದಿನ ಎಲ್ಲಿಗೆ ಹೋಗುತ್ತೀರಿ?" ಅಂತ ಕೇಳಿ ನೋಡಿ. ಒಂದು ಕ್ಷಣ ಯೋಚಿಸುತ್ತಾರೆ. ಆ ಯೋಚನೆಯ ನಂತರ ಬರುವ ಹೆಸರು ಬರೆದುಕೊಳ್ಳುವಂಥದ್ದು.

ಒಬ್ಬರೇ ಓಡಾಡುವವರು, ಮುಖ್ಯವಾಗಿ ಹೆಂಗಸರು, ರೂಮಿನ ಹೆಸರನ್ನು ದಾರಿಯಲ್ಲಿ ಸಿಕ್ಕವರಿಗೆ ಹೇಳಬೇಡಿ. ಪಕ್ಕದ ದೊಡ್ಡ ಗುರುತು ಹೇಳಿದರೆ ಸಾಕು. ದಿನಕ್ಕೊಂದು ಸಲ ಒಂದೇ ಹೊತ್ತಿಗೆ ಮನೆಗೆ ಮೆಸೇಜ್ ಹಾಕುವ ಅಭ್ಯಾಸ ಇಟ್ಟುಕೊಳ್ಳಿ.

9. ತಿದ್ದುತ್ತಾ ಹೋಗಿ

ಪುಸ್ತಕ ಒಯ್ದವರು ಒಂದು ಪೆನ್ಸಿಲ್ಲೂ ಒಯ್ಯಿರಿ. ತಪ್ಪಿದ್ದ ಕಡೆ ಅಂಚಿನಲ್ಲಿ ತಿದ್ದಿ, ದಿನಾಂಕ ಹಾಕಿ. ದಿನಾಂಕ ಇಲ್ಲದ ತಿದ್ದುಪಡಿಗೆ ಬೆಲೆ ಇಲ್ಲ, ಅದೂ ಹಳಸುತ್ತದೆ. ಪುಸ್ತಕ ಇಲ್ಲದವರು ನಕ್ಷೆಯಲ್ಲಿ ಇಲ್ಲದ ದಾರಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸಬಹುದು, ವಿಕಿವಾಯೇಜ್ ಪುಟವನ್ನು ತಿದ್ದಬಹುದು. ಐದು ನಿಮಿಷದ ಕೆಲಸ. ಪ್ರವಾಸ ಮುಗಿದ ಮೇಲೆ ಪುಸ್ತಕವನ್ನು ಮನೆಗೆ ಹೊತ್ತು ತರುವ ಬದಲು ಹಾಸ್ಟೆಲಿನ ಕಪಾಟಿನಲ್ಲಿ ಬಿಟ್ಟು ಬನ್ನಿ.

ಟೈರ್ ಅಂಗಡಿಯ ರಾತ್ರಿ ಕಳೆದು ಒಂದು ವಾರಕ್ಕೆ ಇನ್ನೊಂದು ಊರಿನ ಅಂಥದ್ದೇ ಕಪಾಟಿನಲ್ಲಿ ನನ್ನ ಪುಸ್ತಕದ್ದೇ ಇನ್ನೊಂದು ಪ್ರತಿ ಸಿಕ್ಕಿತು. ನನ್ನದರಷ್ಟೇ ಹಳೆಯದು, ಮುಖಪುಟ ಕಿತ್ತುಹೋಗಿತ್ತು. ಸರೋವರಕ್ಕೆ ಹೋಗುವ ಬಸ್ಸಿನ ಸಾಲಿಗೆ ಯಾರೋ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದರು: "ಈಗ ಮಾರ್ಕೆಟ್ಟಿನ ಹಿಂದಿನ ಗೇಟಿನಿಂದ, ತುಂಬಿದ ಮೇಲೆ ಹೊರಡುತ್ತದೆ." ಕೆಳಗೆ ದಿನಾಂಕ, ಮೂರು ವಾರದ ಹಿಂದಿನದು. ಮರುದಿನ ಬೆಳಿಗ್ಗೆ ಹಿಂದಿನ ಗೇಟಿಗೆ ಹೋದೆ. ನಿಂತಿದ್ದ ವ್ಯಾನಿನ ಬಾಗಿಲಲ್ಲಿದ್ದ ಹುಡುಗನಿಗೆ "ಇದು ಎಲ್ಲಿಗೆ?" ಅಂದೆ. ಸರೋವರದ ಹೆಸರು ಹೇಳಿದ. ಇನ್ನೂ ನಾಲ್ಕು ಸೀಟು ಖಾಲಿ ಇದ್ದವು, ಹತ್ತಿ ಕಿಟಕಿಯ ಪಕ್ಕ ಕೂತೆ.